ಮೂರು ಬೆರಳಿಗೆ ಎಷ್ಟು ಭಾರ

ಅಕ್ಕನ ಗಂಡ, ನನ್ನ ಭಾವ, ಅವನ ಬಲಗೈಯಲ್ಲಿ ಮೂರೇ ಬೆರಳು. ಉಳಿದೆರಡನ್ನು ಯಲ್ಲಾಪುರದ ಮರದ ಮಿಲ್ಲಿನ ಗರಗಸ ತಿಂದಿತ್ತು. ಊಟಕ್ಕೆ ಕೂತರೆ ಸಾರು ಮಣಿಕಟ್ಟಿನ ತನಕ ಇಳಿಯುತ್ತಿತ್ತು. ಅಂಥ ಕೈಯಲ್ಲಿ ಅವನು ವಿಮಾನ ಕಟ್ಟಿದ.

ಯುದ್ಧದ ಕಾಲದಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದವನು. ಹಾರಿಸುವುದನ್ನೂ ಅಲ್ಲೇ ಕದ್ದು ಕಲಿತೆ ಎನ್ನುತ್ತಿದ್ದ. ಊರಿಗೆ ಬಂದು ಮಿಲ್ಲಿನ ಮೆಕ್ಯಾನಿಕ್ ಆದರೂ ಹುಚ್ಚು ಇಳಿಯಲಿಲ್ಲ. ಮಿಲ್ಲಿನ ಹಿಂದಿನ ಮಾಡಿನ ಕೆಳಗೆ ಒಬ್ಬರೇ ಕೂರುವ ವಿಮಾನ ವರ್ಷಗಟ್ಟಲೆ ಬೆಳೆಯಿತು. ರೆಕ್ಕೆಯ ಬಟ್ಟೆಯನ್ನು ಅಕ್ಕ ರವಿಕೆ ಹೊಲಿಯುವ ಮಷೀನಿನಲ್ಲೇ ಹೊಲಿದಳು.

ನಾನು ಅದೇ ಮಿಲ್ಲಿನ ಗುಮಾಸ್ತ. ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುವ ಜಾತಿ. ಭಾವ ನನ್ನ ರೋಗಕ್ಕೂ ಉದ್ಯೋಗ ಕೊಟ್ಟ. “ನಿಂಗೆ ಎಂತೆಂತ ಹೆದರಿಕೆ ಬತ್ತು, ಹೇಳ್ತಾ ಹೋಗು. ಆನು ರಿಪೇರಿ ಮಾಡ್ತಾ ಹೋಗ್ತೆ.” ಎಂಜಿನ್ನು, ಚಕ್ರ, ಹದ್ದು, ಪೊಲೀಸರು, ಎಲ್ಲಕ್ಕೂ ಹೆದರಿಕೊಟ್ಟೆ.

ಮುಂಡಗೋಡ ಕಡೆಯ ಗೋಮಾಳದಲ್ಲಿ ಮೊದಲ ಸಲ ಏರಿ ಇಳಿದಾಗ ಅವನ ಮುಖ ಬಿಳಿಚಿತ್ತು. ಕಾಲುಗಳ ನಡುವೆ ಒಂದು ಕೋಲು; ಎಳೆದರೆ ವಿಮಾನದ ಮೂತಿ ಮೇಲೆ, ದೂಡಿದರೆ ಕೆಳಗೆ. ಅದು ವಿಪರೀತ ಹಗುರವಾಗಿತ್ತು. ಸೀನಿದರೂ ಮೂತಿ ಆಕಾಶಕ್ಕೆ. “ಹೇಳಿದ್ದಕ್ಕಿಂತ ಹೆಚ್ಚು ಮಾಡ್ತು ಮಾರಾಯ. ಅಂಥವ್ರ ಹತ್ರ ಜಾಗ್ರತೆ ಇರವು” ಎಂದ.

ಲಾರಿ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಹಿಂದೊಂದು ಮುಂದೊಂದು ಜೋಡಿಯಾಗಿ ಕೋಲಿಗೆ ಬಿಗಿದ. ಎತ್ತ ಎಳೆದರೂ ರಬ್ಬರು ಅದನ್ನು ನಡುವಿಗೇ ಜಗ್ಗುತ್ತಿತ್ತು. ಅಂಗಡಿಯ ಕೊಕ್ಕೆ ತಕ್ಕಡಿ ಸಿಕ್ಕಿಸಿ, ಎಳೆದು, ಭಾರ ನೋಡಿ, ಇನ್ನೂ ಜೋಡಿ ಸೇರಿಸುತ್ತ ಹೋದ. ವಿಮಾನ ಸಾಧುವಾಯಿತು. ಭಾವನ ಕೈ ಬಾತುಕೊಂಡಿತು.

ಅಕ್ಕ ಸಂಜೆ ಎಣ್ಣೆ ಬಿಸಿ ಮಾಡಿ ಆ ಕೈ ತಿಕ್ಕುತ್ತಿದ್ದಳು. ಒಂದು ಜೋಡಿ ತೆಗೆದುಬಿಡು ಎಂದು ಗೋಗರೆದಳು. ಕೈ ನೋವಾದರೆ ಕೈಗಷ್ಟೇ ಎಂದು ಅವನು ಕೇಳಲಿಲ್ಲ.

ಆ ಬೆಳಿಗ್ಗೆ ವಿಮಾನದಲ್ಲಿ ಕೂತು, ಕೋಲನ್ನು ಹಿಂದೆ ಮುಂದೆ ಆಡಿಸಿ, ಅಕ್ಕನ ಕಡೆ ತಿರುಗಿದ. “ನಿನ್ನ ಎಣ್ಣೆಯಿಂದ ಗುಣ ಆತು ನೋಡು. ಇವತ್ತು ಕೈ ಹಗುರ ಇದ್ದು.” ಅಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. ನಾನು ಎಂಜಿನ್ನಿನ ಸದ್ದಿಗೆ ಹೆದರುವುದರಲ್ಲಿ ಮಗ್ನನಾಗಿದ್ದೆ.

ನೆಲ ಬಿಟ್ಟೊಡನೆ ಕೋಲನ್ನು ಎಂದಿನಷ್ಟೇ ಬಲ ಹಾಕಿ ಎಳೆದಿರಬೇಕು. ಮೂತಿ ನೆಟ್ಟಗೆ ಮೇಲೆದ್ದಿತು. ವಿಮಾನ ಒಂದು ಗಳಿಗೆ ಅಲ್ಲೇ ನಿಂತಂತಾಗಿ, ಕಲ್ಲಿನ ಹಾಗೆ ಬಿತ್ತು.

ಮರದ ಲಾರಿಯಲ್ಲಿ ಹುಬ್ಬಳ್ಳಿಗೆ ಹೊರಟೆವು. ಅಕ್ಕ ಮುಂದೆ ಡ್ರೈವರನ ಪಕ್ಕ. ಹಿಂದೆ, ಭಾವನ ತಲೆ ನನ್ನ ತೊಡೆಯ ಮೇಲೆ.

“ಪಟ್ಟಿ ಕಡಿದುಹೋತು ಹೇಳಿ ಹೇಳು. ರಬ್ಬರ್ ಹಳತಾಗಿತ್ತು. ನಿನ್ನ ಅಕ್ಕಂಗೆ ಮೊದ್ಲು ಹೇಳು.”

“ಕಡಿದುಹೋತಾ ಭಾವ?”

“ಕಡಿದಿದ್ದಲ್ಲ, ಒಂದು ಜೋಡಿ ಬಿಚ್ಚಿಟ್ಟಿದ್ದು. ನಿನ್ನ ಅಕ್ಕ ನಗ್ತಾ ಇತ್ತು. ಆನು ಎಣ್ಣೆ ಅಂದ್ಕಂಡೆ.”

ಹುಬ್ಬಳ್ಳಿ ಬರುವ ಮೊದಲೇ ಹೋದ.

ಅವನು ಹೇಳಿದಂತೆಯೇ ಅಕ್ಕನಿಗೆ ಹೇಳಿದೆ. ಆಮೇಲೆ ವರ್ಷವರ್ಷವೂ ಅವನ ತಿಥಿಯ ದಿನ ಅವಳು, ಎಲ್ಲರ ಊಟವಾದ ಮೇಲೆ, ನನ್ನ ಹತ್ತಿರ ಬಂದು ಕೂರುತ್ತಿದ್ದಳು. “ರಬ್ಬರ್ ಹಳತಾಗಿತ್ತು, ಅಲ್ದಾ ತಮಾ?”

ಈಗ ಅವಳೂ ಇಲ್ಲ. ಊಟಕ್ಕೆ ಕರೆದರೂ ಯೋಚಿಸಿ ತೊದಲುವ ನಾನು, ಆ ಒಂದು ಉತ್ತರವನ್ನು ಮಾತ್ರ ಒಮ್ಮೆಯೂ ತಡವರಿಸದೆ ಕೊಟ್ಟೆ.

“ಹೌದು ಅಕ್ಕ. ಹಳತಾಗಿತ್ತು.”