ಅತ್ಯಾನ ಮುಳ್ಳುಸಜ್ಜೆ

೧೯೭೮, ಜನವರಿ ೧೩, ಭೋಗಿ. ಬೆಳಿಗ್ಗೆ ಏಳೂಕಾಲಿಗೆ ಪತ್ರಿಕೆಗೆಂದು ಇದನ್ನು ಬರೆಯಲು ಕುಳಿತೆ.

ನಮ್ಮ ಅತ್ಯಾನ, ಅಂದರೆ ಸೋದರತ್ತೆಯ, ಮುಂಗೈ ತುಂಬ ಬೆಕ್ಕು ಪರಚಿದಂಥ ಗೀರುಗಳಿದ್ದವು. ಎಲ್ಲವೂ ಸಜ್ಜೆಯ ತೆನೆ ಗೀಚಿದ್ದು. ಅಪ್ಪ ಹನ್ನೂರಿನ ಹೊಲಕ್ಕೆಲ್ಲ ಹೈಬ್ರೀಡ್ ಬೀಜ ಹಾಕಿಸಿದಾಗಲೂ ಅತ್ಯಾ ಬದುವಿನ ಪಕ್ಕದ ಒಂದು ಪಟ್ಟಿ ಬಿಟ್ಟುಕೊಡಲಿಲ್ಲ. ಅಲ್ಲಿ ಅವಳ ಮುಳ್ಳುಸಜ್ಜೆ. ತೆನೆಯ ತುಂಬ ಬಿರುಸಾದ ಕೂದಲು. ಗುಬ್ಬಿ ಕೂತರೆ ಚುಚ್ಚಿಸಿಕೊಂಡು ಹಾರಿಹೋಗುತ್ತಿತ್ತು. ಕೊಯ್ಲಿಗೆ ಮೊದಲೇ ಒಳ್ಳೆಯ ತೆನೆ ಆರಿಸಿ, ಅಕ್ಕಲಕೋಟೆಯ ನಮ್ಮ ಮನೆಗೆ ತಂದು, ಒಲೆಯ ಮೇಲಿನ ಜಂತಿಗೆ ಕಟ್ಟುತ್ತಿದ್ದಳು. ಹೊಗೆ ಹತ್ತಿದರೆ ಬೀಜಕ್ಕೆ ಹುಳ ಬೀಳುವುದಿಲ್ಲವಂತೆ. ನಮ್ಮ ಸಾರಿಗೆ ಮಾತ್ರ ಕೂದಲು ಬೀಳುತ್ತಿತ್ತು. ನನ್ನ ದಿನಚರಿಯಲ್ಲಿ ಈ ದೂರು ಇಲ್ಲದ ತಿಂಗಳಿಲ್ಲ.

ಅದಕ್ಕಿಂತ ಸಿಟ್ಟು ಬರುತ್ತಿದ್ದುದು ಅವಳ ಜಿಪುಣತನಕ್ಕೆ. ಯಾರು ಬೀಜ ಕೇಳಿದರೂ ಒಂದೇ ಉತ್ತರ: "ಮಗಳನ್ನ ಬೇಕಾದ್ರ ಕೊಟ್ಟೇನು, ಬೀಜಾ ಕೊಡಂಗಿಲ್ಲ." ಅವಳಿಗೆ ಮಗಳೇ ಇರಲಿಲ್ಲ. ಒಂದು ವರ್ಷ ನಾಲ್ಕು ತೆನೆ ಕಡಿಮೆ ಬಿದ್ದವೆಂದು, ಕೊಯ್ಲಿಗೆ ಬಂದಿದ್ದ ಚಪಳಗಾಂವದ ಹೆಂಗಸಿನಿಂದ ಗುಡಿಯಲ್ಲಿ ದೇವರ ಅರಿಶಿನ ಭಂಡಾರ ಮುಟ್ಟಿಸಿ ಆಣೆ ಮಾಡಿಸಿದ್ದಳು.

ಕಳೆದ ಭೋಗಿಯ ಹಿಂದಿನ ದಿನ ಮನೆಯಲ್ಲಿ ಸಜ್ಜೆ ಮುಗಿದಿತ್ತು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಇಲ್ಲದೆ ಭೋಗಿ ಎಲ್ಲಿಯದು? ಅತ್ಯಾ ಸೊಲ್ಲಾಪುರದ ನೆಂಟರ ಮನೆಗೆ ಹೋಗಿದ್ದಳು. ಎಲ್ಲವನ್ನೂ ಎರಡು ಕಡೆ ಬಚ್ಚಿಡುವವಳು ಬೀಜವನ್ನೂ ಹಾಗೇ ಇಟ್ಟಿರುತ್ತಾಳೆಂದು ಅವ್ವ ಜಂತಿಯ ತೆನೆಗಳನ್ನೆಲ್ಲ ಇಳಿಸಿ, ಬಡಿದು, ಗಿರಣಿಗೆ ಒಯ್ದು ಹಿಟ್ಟು ಮಾಡಿಸಿದಳು.

ಹಬ್ಬದ ಊಟಕ್ಕೆ ಬಂದ ಅತ್ಯಾ ರೊಟ್ಟಿ ಮುರಿದು ಬಾಯಿಗಿಟ್ಟಳು. ಹೊಗೆಯ ವಾಸನೆ ಗೊತ್ತಾಯಿತೇನೋ, ತಲೆಯೆತ್ತಿ ಜಂತಿ ನೋಡಿದಳು.

"ಬೀಜಾ ಎಲ್ಲೈತಿ?"

"ಹನ್ನೂರಾಗ ಇನ್ನೊಂದ ಗಂಟ ಇಟ್ಟೀರಲ್ಲರಿ, ಅಕ್ಕಾರ?" ಎಂದಳು ಅವ್ವ.

"ಇಟ್ಟಿಲ್ಲ."

ಅವ್ವ ಅಳತೊಡಗಿದಳು. ಅತ್ಯಾ ತಾಟು ಮುಂದೆ ಸರಿಸಿದಳು. "ಅಳಬ್ಯಾಡ. ಛಲೋ ಆಗೈತಿ. ಇನ್ನೊಂದ ಹಾಕು."

ಮುಂದಿನ ವಾರ ನನ್ನನ್ನು ಎಳೆದುಕೊಂಡು ಎಸ್.ಟಿ. ಬಸ್ಸಿನಲ್ಲಿ ಚಪಳಗಾಂವಕ್ಕೆ ಹೊರಟಳು. ಆಣೆ ಮಾಡಿದ್ದ ಹೆಂಗಸು ಅಂಗಳದಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದಳು.

"ಖರೇ ಹೇಳ ತಂಗಿ. ಆ ತೆನಿ ನೀನ ಒಯ್ದಿದ್ದಿ, ಹೌದಲ್ಲ?"

"ಭಂಡಾರ ಮುಟ್ಟಿಸಿದ್ರಲ್ಲರಿ, ಆಯಿ!"

"ಮುಟ್ಟಿದ್ರ ಮುಟ್ಟಿದಿ. ದೇವರಿಗೆ ನಾ ಹೇಳ್ಕೋತೀನಿ. ಒಯ್ದಿದ್ನಿ ಅನ್ನು."

"ಒಯ್ದಿಲ್ಲರಿ. ಕೇಳಿದ್ನಿ, ನೀವ ಕೊಡ್ಲಿಲ್ಲ. ಒಂದ ಮುಷ್ಟಿ ಕೊಟ್ಟಿದ್ರ ಇವತ್ತ ನಮ್ಮನ್ಯಾಗ ಚೀಲಗಟ್ಲೆ ಇರ್ತಿತ್ತು."

ಅತ್ಯಾ ನನ್ನ ಕೈ ಹಿಡಿದು ತಿರುಗಿ ನಡೆದಳು. ಬಸ್ಸು ಹತ್ತಿದ ಮೇಲೆ ಗೊಣಗಿದಳು: "ಕಳ್ಳಿ ಅಂತ ಎಷ್ಟ ನಂಬಿದ್ನಿ. ಅದಕ್ಕೂ ಬಾರದಾಕಿ!"

ಮಳೆಗಾಲದಲ್ಲಿ ಆ ಪಟ್ಟಿಗೆ ಬೇರೆ ಏನನ್ನೂ ಬಿತ್ತಗೊಡಲಿಲ್ಲ. ಶ್ರಾವಣದಲ್ಲಿ ಜ್ವರ ಬಂದು ತೀರಿಕೊಂಡಳು. ಸ್ನಾನ ಮಾಡಿಸುವಾಗ ನೋಡಿದೆ, ಮುಂಗೈಯಲ್ಲಿ ಒಂದೂ ಗೀರಿರಲಿಲ್ಲ.

ಪಟ್ಟಿ ಇನ್ನೂ ಖಾಲಿ ಇದೆ. ಅಕ್ಕಲಕೋಟೆ, ಸೊಲ್ಲಾಪುರದ ಸೀಮೆಯಲ್ಲಿ ಯಾರ ಹತ್ತಿರವಾದರೂ ಈ ಮುಳ್ಳುಸಜ್ಜೆ ಉಳಿದಿದ್ದರೆ, ಉಳಿದಿರುವ ಕಡೆ ಗೊತ್ತಿದ್ದರೆ, ಪತ್ರಿಕೆಯ ಮೂಲಕ ನನಗೆ ಎರಡು ಸಾಲು ಬರೆಯಿರಿ. ನಿಮ್ಮ ಕೈಗೆ ಅದು ಹೇಗೆ ಬಂತೆಂದು ಕೇಳುವುದಿಲ್ಲ. ಕದ್ದಿದ್ದರೆ ಇನ್ನೂ ಒಳ್ಳೆಯದು.