ಮೂರನೆಯ ಮೊಳೆಯ ಬೀಗದ ಕೈ

ಆ ದಿನ ಬೆಳಿಗ್ಗೆ ಸಂಪ್‌ಗೆ ನೀರು ಬಿಟ್ಟೆ. ಯಜಮಾನರ ಡಬ್ಬಿಗೆ ಚಿತ್ರಾನ್ನ ಹಾಕಿದೆ. ಅತ್ತೆಗೆ ಇನ್ಸುಲಿನ್ ಚುಚ್ಚಿ ಎರಡು ಇಡ್ಲಿ ತಿನ್ನಿಸಿದೆ. ದಂಟಿನ ಸೊಪ್ಪು ಬೇಯಿಸಿ ಬಸಿದಿಟ್ಟೆ, ಬಟ್ಟೆ ಒಗೆದು ಹರವಿದೆ, ಅತ್ತೆಯ ಮಧ್ಯಾಹ್ನದ ಊಟವನ್ನು ತಟ್ಟೆಗೆ ಬಡಿಸಿ ಮುಚ್ಚಿಟ್ಟೆ. ಇಷ್ಟನ್ನೂ ಹೇಳುತ್ತಿರುವುದು ಏಕೆಂದರೆ, ಅಂದು ನನ್ನ ತಲೆ ನೆಟ್ಟಗೇ ಇತ್ತು ಎಂದು ನಿಮಗೆ ಗೊತ್ತಿರಲಿ. ದೆವ್ವ, ಪವಾಡ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಒಳಗೆ ಹೋಗುತ್ತಿದ್ದವಳು ನಾನು.

ಆಗ ನಾವು ಬಾಗಲಗುಂಟೆಯಲ್ಲಿದ್ದೆವು. ತುಮಕೂರು ರಸ್ತೆಯಲ್ಲಿ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ವರ್ಷಗಳು. ಯಜಮಾನರಿಗೆ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ. ನಮ್ಮ ಬೀದಿಯ ಮೂಲೆಯಲ್ಲಿ ಸಿದ್ದಣ್ಣನ ದಿನಸಿ ಅಂಗಡಿ. ಗಂಡ ಒಂದು ಶಿಫ್ಟು, ಹೆಂಡತಿ ಇನ್ನೊಂದು ಶಿಫ್ಟು ಎನ್ನುವ ಮನೆಗಳೇ ಹೆಚ್ಚಿದ್ದುದರಿಂದ ಬೀದಿಯವರೆಲ್ಲ ಮನೆಯ ಬೀಗದ ಕೈಯನ್ನು ಅವನ ಅಂಗಡಿಯಲ್ಲಿ ಬಿಟ್ಟು ಹೋಗುತ್ತಿದ್ದರು. ತಕ್ಕಡಿಯ ಹಿಂದೆ ಒಂದು ಹಲಗೆ, ಅದರ ತುಂಬ ಮೊಳೆ. ಸೋಪಿನ ರಟ್ಟನ್ನು ಕತ್ತರಿಸಿ, ಮನೆಯ ನಂಬರು ಬರೆದು, ಪ್ರತಿ ಬೀಗದ ಕೈಗೂ ಕಟ್ಟಿದ್ದ. ನಮ್ಮದು ಮೂರನೆಯ ಮೊಳೆ.

ಅತ್ತೆಗೆ ಮರೆವು ಹೆಚ್ಚಾಗಿ, ಎರಡು ಸಲ ಲಾರಿ ಓಡಾಡುವ ದೊಡ್ಡ ರಸ್ತೆಗೆ ಹೋಗಿಬಿಟ್ಟ ಮೇಲೆ, ನಾನು ಹೊರಗೆ ಹೊರಟರೆ ಬೀಗ ಹಾಕಿಕೊಂಡೇ ಹೋಗಬೇಕಾಯಿತು. ಹೋಗುವಾಗ ಅಂಗಡಿಯ ಮುಂದೆ ನಿಂತು, "ಅಣ್ಣ, ಅತ್ತೆ ಒಬ್ರೇ ಇದಾರೆ, ಸ್ವಲ್ಪ ನೋಡ್ಕೊಳ್ಳಿ" ಎನ್ನುತ್ತಿದ್ದೆ. ಅವನು ಅಕ್ಕಿ ಅಳೆಯುತ್ತಲೇ, "ನೀವ್ ಹೋಗ್ ಬನ್ನಿ, ನಿಮಗಿಂತ ಚೆನ್ನಾಗ್ ನೋಡ್ಕೊಂತೀನಿ" ಎನ್ನುತ್ತಿದ್ದ. ಮಧ್ಯಾಹ್ನ ಅಂಗಡಿಯನ್ನು ಹೆಂಡತಿ ಜಯಕ್ಕನಿಗೆ ಒಪ್ಪಿಸಿ ಬಂದು, ಅತ್ತೆಯನ್ನು ಊಟಕ್ಕೆ ಕೂರಿಸಿ, ಎರಡು ವೀಳ್ಯದೆಲೆ ಕೊಟ್ಟು ಹೋಗುತ್ತಿದ್ದ. ಇದು ಅಂಗಡಿಯ ಕೆಲಸವಲ್ಲ, ಆದರೂ ಅಂಗಡಿಯಿಂದಲೇ ನಡೆಯುತ್ತಿತ್ತು.

ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲಿನ ಸೂಪರ್ ಮಾರ್ಕೆಟ್ ಬಂತು. ಸಿದ್ದಣ್ಣನಿಗೆ ಮಂಡಿನೋವೂ ಹೆಚ್ಚಾಯಿತು. ಅಂಗಡಿ ಮುಚ್ಚಿ ಇಬ್ಬರೂ ಕುಣಿಗಲ್ ಕಡೆಯ ತಮ್ಮ ಊರಿಗೆ ಹೊರಟುಹೋದರು. ಹೊರಡುವ ದಿನ ಎಲ್ಲರ ಬೀಗದ ಕೈಗಳನ್ನೂ ಹಿಂದಿರುಗಿಸಿದನಂತೆ. ನಾನು ಊರಲ್ಲಿರಲಿಲ್ಲ, ನಮ್ಮದು ಅವನ ಬಳಿಯೇ ಉಳಿಯಿತು. ನನ್ನ ಹತ್ತಿರ ಇನ್ನೊಂದು ಇತ್ತು. ಷಟರಿನ ಮೇಲೆ ಮೊದಲು 'ಬಾಡಿಗೆಗೆ ಇದೆ' ಎಂಬ ಬರಹ ಬಂತು, ಆಮೇಲೆ ಪೋಸ್ಟರುಗಳು. ಮೆಟ್ಟಿಲ ಮೇಲೆ ನಾಯಿಗಳು ಮಲಗತೊಡಗಿದವು.

ಅದಾಗಿ ನಾಲ್ಕು ತಿಂಗಳಿಗೆ ನಾನು ಹೇಳುತ್ತಿರುವ ದಿನ. ಅತ್ತೆಯ ಔಷಧಿ ತರಲು ಆಸ್ಪತ್ರೆಗೆ ಹೊರಟಿದ್ದೆ. ಮಧ್ಯಾಹ್ನ ಒಂದು ಗಂಟೆಯೊಳಗೆ ಮನೆ ಸೇರುವ ಅಂದಾಜು. ಬೀಗ ಹಾಕಿ, ಅವಸರದಲ್ಲಿ ಮೂಲೆಗೆ ಬಂದವಳು, ಅಭ್ಯಾಸಬಲದಿಂದ ಷಟರಿಗೆ ಹೇಳಿಬಿಟ್ಟೆ: "ಅಣ್ಣ, ಅತ್ತೆ ಒಬ್ರೇ ಇದಾರೆ, ಸ್ವಲ್ಪ ನೋಡ್ಕೊಳ್ಳಿ." ಮಲಗಿದ್ದ ನಾಯಿ ತಲೆಯೆತ್ತಿ ನೋಡಿತು. ನನಗೇ ನಗು ಬಂತು.

ಆಸ್ಪತ್ರೆಯಲ್ಲಿ ಸಾಲು ಕರಗಲಿಲ್ಲ. ಹಿಂತಿರುಗುವಾಗ ಸೇತುವೆಯ ಕೆಲಸದ ಕ್ರೇನ್ ಕೆಟ್ಟು ರಸ್ತೆ ಪೂರ್ತಿ ನಿಂತಿತು. ಬಸ್ಸಿನಲ್ಲಿ ಗಂಟೆ ಮೂರಾಯಿತು, ನಾಲ್ಕಾಯಿತು. ಬೆಳಿಗ್ಗೆ ಇನ್ಸುಲಿನ್ ಕೊಟ್ಟಿದ್ದೇನೆ. ಯಾರಾದರೂ ಕೂರಿಸದೆ ಅತ್ತೆ ಊಟ ಮಾಡುವುದಿಲ್ಲ. ಸಕ್ಕರೆ ಇಳಿದು ಹಿಂದೊಮ್ಮೆ ಬಿದ್ದಾಗ, ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದಿದ್ದರು ಡಾಕ್ಟರು. ಯಜಮಾನರ ಫೋನು ಕಾರ್ಖಾನೆಯ ಲಾಕರಿನಲ್ಲಿ. ಕೊನೆಗೆ ಬಸ್ಸಿಳಿದು ನಡೆದೆ, ಓಡಿದೆ.

ಮನೆ ಮುಟ್ಟಿದಾಗ ಐದೂವರೆ. ಬೀಗ ತೆರೆದಿತ್ತು. ಅದರಲ್ಲಿ ಬೀಗದ ಕೈ ನೇತಾಡುತ್ತಿತ್ತು, ಅದಕ್ಕೆ ಕಟ್ಟಿದ ಸೋಪಿನ ರಟ್ಟು, ಅದರ ಮೇಲೆ ನಮ್ಮ ಮನೆಯ ನಂಬರು.

ಅತ್ತೆ ಗೋಡೆಗೊರಗಿ ಕುಳಿತಿದ್ದರು. ರವಿಕೆ ಬೆವರಿನಿಂದ ತೊಯ್ದು, ಅರ್ಧ ಒಣಗಿತ್ತು. ಮುಚ್ಚಿಟ್ಟ ತಟ್ಟೆ ಹಾಗೇ ಇತ್ತು. ಅವರ ಮಡಿಲಲ್ಲಿ ಕಾಗದದ ಪೊಟ್ಟಣ, ಅದರಲ್ಲಿ ಬೆಲ್ಲದ ಚೂರು.

"ಯಾರು ಬಂದಿದ್ರು ಅತ್ತೆ?"

"ಇನ್ಯಾರ್ ಬತ್ತಾರೆ, ಅಂಗಡಿ ಸಿದ್ದಣ್ಣ. ಬೆಲ್ಲ ಬಾಯಿಗಾಕಿ, ನೀರ್ ಕುಡಿಸ್ದ. ಎಲೆ ಕೇಳಿದ್ರೆ ಇಲ್ಲ ಅಂದ್ಬುಟ್ಟ. ಅಂಗಡಿ ಮಡಗವ್ನೆ, ಎರಡೆಲೆ ಇಲ್ಲಂತೆ."

ಸಕ್ಕರೆ ಕಾಯಿಲೆಯ ಮನೆಯೆಂದು ನಾವು ಬೆಲ್ಲ ತರುವುದನ್ನೇ ಬಿಟ್ಟಿದ್ದೆವು. ಎದುರುಮನೆಯ ಸರೋಜಳನ್ನು ಕೇಳಿದೆ. "ಇಡೀ ಮಧ್ಯಾಹ್ನ ಬಾಗ್ಲಲ್ಲೇ ಅವರೆಕಾಯಿ ಸುಲೀತಿದ್ದೆ ಅಕ್ಕ, ಒಬ್ರೂ ಬರ್ಲಿಲ್ವಲ್ಲ" ಎಂದಳು.

ಅತ್ತೆಗೆ ಊಟ ಮಾಡಿಸಿ ಸಿದ್ದಣ್ಣನಿಗೆ ಫೋನು ಮಾಡಿದೆ. ಜಯಕ್ಕ ಎತ್ತಿದಳು. ಮಂಡಿ ಆಪರೇಷನ್ ಆಗಿ ಹತ್ತು ದಿನ, ಅವನು ಹಾಸಿಗೆ ಬಿಟ್ಟು ಎದ್ದಿಲ್ಲ ಎಂದಳು. ಬೀಗದ ಕೈ ಎಲ್ಲಿದೆ ಎಂದಷ್ಟೇ ಕೇಳಿದೆ.

"ಹಲಗೆ ಸಮೇತ ತಂದು ಇಲ್ಲೇ ಹೊಡ್ಸವ್ರೆ, ದಿನಾ ಧೂಳು ಒರೆಸ್ತೀನಿ. ತಾಳಿ, ನೋಡ್ತೀನಿ." ಹೆಜ್ಜೆಯ ಸದ್ದು ದೂರ ಹೋಗಿ ಬಂತು. "ಅಯ್ಯೋ, ಮೊಳೆ ಖಾಲಿ ಅದೆ ಕಣಮ್ಮ. ನಿನ್ನೆ ಇತ್ತು."

ಫೋನು ಸಿದ್ದಣ್ಣನ ಕೈಗೆ ಹೋಯಿತು. ದನಿ ಸೋತಿತ್ತು. ನಾನು ಏನನ್ನೂ ಹೇಳುವ ಮೊದಲೇ, "ಅಮ್ಮಂಗೆ ಎರಡ್ ಎಲೆ ತಂದ್ಕೊಡಿ ಅಕ್ಕ, ಪಾಪ ಕೇಳ್ತಿದ್ರು" ಎಂದ.

ಯಾವಾಗ ಕೇಳಿದರು ಎಂದು ನಾನು ಕೇಳಲಿಲ್ಲ. ಹಳೆಯ ದಿನಗಳ ಮಾತಿರಬಹುದು. ಬೀಗದ ಕೈ ಎಲ್ಲೋ ಬಿದ್ದು, ಪುಣ್ಯಾತ್ಮರೊಬ್ಬರಿಗೆ ಸಿಕ್ಕು, ಅವರು ಬಂದಿರಬಹುದು. ಜಯಕ್ಕ ನಿನ್ನೆ ಸರಿಯಾಗಿ ನೋಡಿರದೆ ಇರಬಹುದು. ಇಷ್ಟು ವರ್ಷ ಇವನ್ನೆಲ್ಲ ಜೋಡಿಸಿ ನೋಡುತ್ತಲೇ ಇದ್ದೇನೆ, ಕೂಡುತ್ತಿಲ್ಲ. ಮುಂದೆ ಆ ಅಂಗಡಿ ಎಟಿಎಂ ಆಯಿತು. ಆ ಮನೆ ಬಿಡುವವರೆಗೂ ಹೊರಗೆ ಹೊರಟಾಗಲೆಲ್ಲ ಅದರ ಗಾಜಿನ ಬಾಗಿಲಿಗೂ ಹೇಳಿಯೇ ಹೋಗುತ್ತಿದ್ದೆ. ಒಳಗಿದ್ದವರು ತಿರುಗಿ ನೋಡುತ್ತಿದ್ದರು, ನೋಡಲಿ.

ಆ ಸಂಜೆ ದೊಡ್ಡ ರಸ್ತೆಗೆ ಹೋಗಿ ಎಲೆ ತಂದೆ. ಒಂಬತ್ತಕ್ಕೆ ಯಜಮಾನರು ಬಂದರು. ಬೆಳಗಿನ ಸೊಪ್ಪಿನ ಬಸ್ಸಾರು, ಬಿಸಿ ಮುದ್ದೆ ಉಂಡೆವು. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ರಟ್ಟು ಕಟ್ಟಿದ್ದ ಬೀಗದ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಎರಡೆಲೆ ಮೆದ್ದು, "ಅವ್ನು ತರೋ ಎಲೆ ಇನ್ನೂ ಎಳೇದು" ಎಂದು ಆಕ್ಷೇಪಿಸಿ, ಮೊದಲು ನಿದ್ದೆ ಹೋದವರು ಅತ್ತೆ.