ದಾದರಿನಲ್ಲಿ ಆರಿದ ದೋಸೆ

ಮುಂಬೈಯ ದಾದರ್ ಸ್ಟೇಷನ್ನಿನ ಹೊರಗಿನ ಉಡುಪಿ ಹೋಟೆಲಿನಲ್ಲಿ ಕೂತಿದ್ದೇವೆ. ತಂಗಿಯ ಮಗಳು ಸವಿತಾ ಗಂಡನ ಮೇಲೆ ಮುನಿದು, ಹಸುಗೂಸನ್ನೆತ್ತಿಕೊಂಡು ನನ್ನ ಜೊತೆ ಹುಬ್ಬಳ್ಳಿಗೆ ಹೊರಟಿದ್ದಾಳೆ. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಮುರಿದ ವ್ಯಾಪಾರ ಕುದುರಿಸಿಯೇ ಮೇಲೆ ಬಂದವನು ನಾನು, ಸುಮ್ಮನಿರಲಾದೀತೆ?

“ಕೂಸಿನ ಸಲುವಾಗಿ ಆದ್ರೂ ಹೊಂದ್ಕೊಂಡು ಹೋಗವ್ವ.”

“ಮಾಮಾ, ಗಂಡು ಹೆಣ್ಣು ಜೋಡಿಯಾಗಿ ಉಳದದ್ದೇ ಕೂಸಿನ ಸಲುವಾಗಿ ಇರಬೇಕು ಅಂತ ಕೆಲವರು ಅಂತಾರ. ಮನುಷ್ಯಾರ ಕೂಸು ಬೆಳಿಯೂದು ಭಾಳ ತಡ, ಒಬ್ಬಾಕಿ ಕೈಲೆ ಆಗೂದಿಲ್ಲ. ಒಂದು ಜಾತಿ ಮಂಗ್ಯಾದಾಗ ಅಪ್ಪನೇ ಮರಿ ಹೊತ್ಕೊಂಡು ತಿರಗ್ತಾನ, ತಾಯಿ ಹತ್ರ ಬರೂದು ಹಾಲಿಗಷ್ಟ. ನಮ್ಮಾಂವ ಒಂದಿನ ಎತ್ಕೊಂಡಾನೇನು, ಕೇಳ್ರಿ.”

ಅಷ್ಟರಲ್ಲಿ ಅವಳ ಗಂಡ ದಹಿಸರಿನ ಮನೆಯಿಂದ ನಮ್ಮನ್ನು ಹುಡುಕಿಕೊಂಡು ಏದುಸಿರು ಬಿಡುತ್ತ ಬಂದ. ಕೂಸನ್ನು ಹೆಗಲಿಗೆ ಹಾಕಿಕೊಂಡು, ಕೈತೊಳೆಯುವ ಜಾಗದ ಬಳಿ ಬೆನ್ನು ತಟ್ಟುತ್ತ ನಿಂತ. ಸವಿತಾ ಆರಿದ ದೋಸೆಯನ್ನು ಎರಡೂ ಕೈಯಿಂದ ಮುರಿದು ತಿನ್ನತೊಡಗಿದಳು. ರಾಜಿ ಮಾಡಿಸಲು ಹೋಗುವವರಿಗೆ ನನ್ನದೊಂದು ಸಲಹೆ: ಮೊದಲು ಕೂಸು ಗಂಡನ ಹೆಗಲೇರಲಿ, ಆಮೇಲೆ ಬಾಯಿ ತೆರೆಯಿರಿ.

“ನಾಳೆನೂ ಹಿಂಗೇ ಎತ್ಕೊಂತೀರೇನು?” ಎಂದು ಅವಳು ಕೇಳಿದಳು.

“ಮೊದಲ ಇವತ್ತು ಮನೀತನಕ ಎತ್ಕೊಂಡು ಬರ್ತೀನಿ,” ಎಂದ.

ಅವಳು ಉಳಿದರ್ಧ ದೋಸೆಯನ್ನು ಅವನ ಕಡೆ ಸರಿಸಿದಳು. ಹುಬ್ಬಳ್ಳಿಗೆಂದು ಕಟ್ಟಿದ್ದ ಬ್ಯಾಗನ್ನು ದಹಿಸರ್ ಲೋಕಲ್ ಟ್ರೇನ್‌ವರೆಗೆ ನಾನೇ ಹೊತ್ತೆ.